‘ಯಾಕೆ’ ಎಂಬ ಮೆಥಡ್

ನಾನು ಬರೆದ ಪ್ರೋಗ್ರಾಮಿನಲ್ಲಿ ‘ಯಾಕೆ’ ಎಂಬ ಮೆಥಡ್ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಫೈಲಿನ ತಲೆಯಲ್ಲೂ ಸೈಟಿನ ಮೊದಲ ಪುಟದಲ್ಲೂ ‘ಬರೆದವರು’ ಎಂದು ನನ್ನ ಹೆಸರಿತ್ತು. ಹೊಸದಾಗಿ ಕೆಲಸ ಕಲಿತ ಹೆಮ್ಮೆಯಲ್ಲಿ ನಾನೇ ಹಾಕಿಕೊಂಡದ್ದು. ಹಾಗಾಗಿ ಅದರ ಕೆಳಗೆ ಏನಿದ್ದರೂ ನನ್ನದೇ ಎಂದು ನಾಲ್ಕು ತಾಲ್ಲೂಕಿನ ಜನ ನಂಬಿದರು. ಇಷ್ಟು ವರ್ಷದಲ್ಲಿ ಒಬ್ಬರೂ ಬಂದು ಕೇಳಲಿಲ್ಲ, ನಾನೂ ಹೋಗಿ ಹೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಚಿತ್ರದುರ್ಗದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಮೇಷ್ಟ್ರ ಕಂಪ್ಯೂಟರ್ ಸೆಂಟರ್ ಇತ್ತು. ನಾನು ಡಿಪ್ಲೊಮಾ ಮುಗಿಸಿ ಅಲ್ಲೇ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು, ಅಲ್ಲೇ ಕೆಲಸಕ್ಕೆ ನಿಂತವಳು. ಮೇಷ್ಟ್ರ ಪಾಠ ಕೇಳಲು ದಾವಣಗೆರೆಯಿಂದಲೂ ಹುಡುಗರು ಬರುತ್ತಿದ್ದರು, ಅಷ್ಟು ಚೆನ್ನಾಗಿ ಹೇಳುತ್ತಿದ್ದರು. ಪುಸ್ತಕದಲ್ಲಿ ಎರಡು ಪುಟ ಓದಿದರೂ ತಲೆಗೆ ಹೋಗದ್ದನ್ನು ತಮ್ಮ ಎಲೆಅಡಿಕೆ ಸಂಚಿ ಹಿಡಿದು ಎರಡು ನಿಮಿಷದಲ್ಲಿ ತಿಳಿಸುತ್ತಿದ್ದರು.

ಆಬ್ಜೆಕ್ಟ್ ಅಂದರೇನು, ಅದರೊಳಗಿನ ‘ಪ್ರೈವೇಟ್’ ಅಂದರೇನು ಎಂಬ ಪಾಠದ ದಿನ ಸಂಚಿಯನ್ನು ಮೇಜಿನ ಮೇಲೆ ಎಸೆದು ನನ್ನನ್ನು ಕರೆದರು.

“ಒಂದು ಅಡಿಕೆ ತಗೋ.”

ನಾನು ಸಂಚಿಯೊಳಗೆ ಕೈ ಹಾಕಿದೆ. ಸ್ಕೇಲಿನಿಂದ ಮೆಲ್ಲಗೆ ಕೈಗೆ ಹೊಡೆದರು.

“ಕೈ ಹಾಕ್ಬಾರ್ದು. ಕೇಳ್ಬೇಕು. ಕೇಳಿದ್ರೆ ಕೊಡ್ತೀನಿ, ಇಲ್ಲ ಅಂದ್ರೆ ಇಲ್ಲ ಅಂತೀನಿ. ಒಳಗೆ ಇನ್ನೇನೇನ್ ಐತೆ ಅನ್ನಾದು ನಿನಗ್ಯಾಕೆ? ಇದೇ ಕಣಮ್ಮ ಪ್ರೈವೇಟು. ಸಂಚಿ ನಂದು, ಉತ್ರ ನಿಂದು.”

ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ಆ ಪಾಠವನ್ನು ನಾನು ಮರೆತಿಲ್ಲ. ಮರೆಯಲು ಆಗಿದ್ದರೆ ಚೆನ್ನಾಗಿರುತ್ತಿತ್ತು.

ಆ ವರ್ಷ ನಮ್ಮ ಜನದ ಸಂಘದವರು ಸೆಂಟರಿಗೆ ಬಂದರು. ಸಂಘದ ಅಧ್ಯಕ್ಷರು ಶೇಂಗಾ ಮಂಡಿಯ ಯಜಮಾನರು, ಮಾತು ಜೋರು, ಮನಸ್ಸು ಒಳ್ಳೆಯದು. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ತಾಲ್ಲೂಕಿನ ಹೆಣ್ಣುಗಂಡುಗಳ ವಿವರ ಇಂಟರ್ನೆಟ್ಟಿನಲ್ಲಿ ಹಾಕಬೇಕು, ಯಾವ ಊರಿನ ಸೈಬರ್ ಸೆಂಟರಿನಲ್ಲಿ ಕೂತರೂ ಸಂಬಂಧ ಹುಡುಕುವಂತಿರಬೇಕು ಎಂದು ಅವರ ಆಸೆ.

“ಬೆಡಗು ಮಾತ್ರ ಮಿಷನ್ನೇ ನೋಡ್ಬೇಕು ನೋಡ್ರಿ. ಮದುವೆ ಮಾತಾಡಿ, ಎಲೆಅಡಿಕೆ ಬದ್ಲಾಯ್ಸಿ, ಆಮೇಲೆ ಒಂದೇ ಬೆಡಗು ಅಂತ ಗೊತ್ತಾಗಿ ಮುರ್ಕಂಡಿರೋವು ಎಷ್ಟೋ ಅವೆ” ಎಂದರು.

ಬೆಡಗು ಎಂದರೆ ಕುಲದೊಳಗಿನ ಬಳ್ಳಿ. ಆನೆ ಬೆಡಗು, ಜೀರಿಗೆ ಬೆಡಗು, ಬೇವಿನ ಬೆಡಗು, ಹೀಗೆ. ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬೆಡಗಿನವರು ಎಷ್ಟೇ ದೂರದವರಾದರೂ ಅಣ್ಣತಂಗಿಯರ ಲೆಕ್ಕ, ಅವರಲ್ಲಿ ಮದುವೆ ಇಲ್ಲ. ಕೆಲಸವನ್ನು ಮೇಷ್ಟ್ರು ಒಪ್ಪಿಕೊಂಡು ನನ್ನ ಕೈಗೆ ಕೊಟ್ಟರು.

ಮೊದಲ ವಾರವೇ ನಾನು ಮಾಡಿದ ಎಡವಟ್ಟನ್ನು ನೆನೆದರೆ ಈಗಲೂ ನಗು ಬರುತ್ತದೆ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗಿನಲ್ಲಿ ಒಂದು ಕ್ಲಾಸು, ಅಂದರೆ ಆಬ್ಜೆಕ್ಟುಗಳನ್ನು ಎರೆಯುವ ಅಚ್ಚು, ಇನ್ನೊಂದರಿಂದ ಗುಣಗಳನ್ನು ಬಳುವಳಿಯಾಗಿ ಪಡೆಯಬಹುದು. ಬೆಡಗು ಅಪ್ಪನಿಂದ ಮಗನಿಗೆ ಬರುತ್ತದಲ್ಲ, ಸರಿಯಾಗಿ ಹೊಂದಿತು ಎಂದುಕೊಂಡು ‘ಅಪ್ಪ’ ಎಂಬ ಕ್ಲಾಸಿನ ಕೆಳಗೆ ‘ಮಗ’ ಎಂಬ ಕ್ಲಾಸು ಬರೆದೆ. ಮೇಷ್ಟ್ರು ನೋಡಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು.

“ಲೇ ತಾಯಿ, ನಾಯಿ ಒಂದು ಪ್ರಾಣಿ, ಸರಿ. ಮಗ ಒಂದು ಅಪ್ಪ ಅಂದ್ರೆ ಹೆಂಗಮ್ಮ? ಊರಾಗೆ ಮಕ್ಳು ಹುಟ್ಟಿದಂಗೆಲ್ಲ ಹೊಸ ಕ್ಲಾಸ್ ಬರ್ಕಂತ ಕುಂತ್ಕಂತೀಯಾ?”

ಅಳಿಸಿ ಹಾಕಿ ಮತ್ತೆ ಬರೆದೆ. ಈಗ ‘ವ್ಯಕ್ತಿ’ ಒಂದೇ ಕ್ಲಾಸು, ಅಪ್ಪನೂ ಮಗನೂ ಅದರ ಬೇರೆ ಬೇರೆ ಆಬ್ಜೆಕ್ಟುಗಳು. ಪರೀಕ್ಷೆಗೆಂದು ನನ್ನ ಹೆಸರನ್ನೂ ನನ್ನ ದೊಡ್ಡಪ್ಪನ ಮಗನ ಹೆಸರನ್ನೂ ಹಾಕಿದೆ. ಇಬ್ಬರದೂ ಜೀರಿಗೆ ಬೆಡಗು. ಆಗುವ ಸಂಬಂಧ ಎಂದು ಉತ್ತರ ಬಂತು! ಜಾವಾದಲ್ಲಿ ಎರಡು ಪದಗಳ ನಡುವೆ ಎರಡು ಸಮಚಿಹ್ನೆ ಹಾಕಿದರೆ ಅಕ್ಷರ ಒಂದೇ ಇದೆಯೇ ಎಂದು ಅದು ನೋಡುವುದಿಲ್ಲ, ಎರಡೂ ಒಂದೇ ಆಬ್ಜೆಕ್ಟೇ ಎಂದು ನೋಡುತ್ತದೆ. ಡೇಟಾಬೇಸಿನಿಂದ ಬಂದ ನನ್ನ ಜೀರಿಗೆ ಬೇರೆ, ಅಣ್ಣನ ಜೀರಿಗೆ ಬೇರೆ. ಅದನ್ನು ಸರಿಮಾಡಿದೆ ಅನ್ನುವಷ್ಟರಲ್ಲಿ ಇನ್ನೊಂದು ತೊಡಕು. ಆಗ ಸೈಬರ್ ಸೆಂಟರುಗಳಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬೇಕಿತ್ತು. ಜೀರಿಗೆಗೆ ಹಿರಿಯೂರಿನವರು ಒಂದು ಕಾಗುಣಿತ ಹಾಕಿದರೆ ಹೊಸದುರ್ಗದವರು ಮತ್ತೊಂದು. ಮಿಷನ್ನಿಗೆ ಇಬ್ಬರೂ ಬೀಗರೇ. ಕೊನೆಗೆ ಬೆಡಗನ್ನು ಪದವಾಗಿ ಇಡುವುದನ್ನೇ ಬಿಟ್ಟು, ಒಂದೊಂದು ಬೆಡಗಿಗೂ ಒಂದು ಆಬ್ಜೆಕ್ಟು, ಒಂದು ನಂಬರು ಎಂದು ಮಾಡಿದೆ. ಜನ ಟೈಪು ಮಾಡುವುದು ಬೇಡ, ಪಟ್ಟಿಯಿಂದ ಆರಿಸಿದರೆ ಸಾಕು.

ಪಟ್ಟಿ ತಯಾರಿಸಲು ಹೊಳಲ್ಕೆರೆಗೆ ಹೋದೆ. ಅಲ್ಲಿ ಹೆಣ್ಣುಗಂಡು ಕೂಡಿಸುವುದರಲ್ಲಿ ಹೆಸರಾದ ಅಜ್ಜಿಯೊಬ್ಬರಿದ್ದರು. ಓದು ಬರಹ ಇಲ್ಲ, ಆದರೆ ನಾಲ್ಕು ತಾಲ್ಲೂಕಿನ ಬೆಡಗೂ ಬಾಯಲ್ಲೇ ಇತ್ತು. ನಾನು ಬರೆದುಕೊಳ್ಳುತ್ತಿರುವಾಗ ಒಬ್ಬರು ಬಂದು ತಮ್ಮ ಮಗನಿಗೆ ಇಂಥ ಊರಿನ ಇಂಥವರ ಮಗಳು ಆಗುತ್ತಾಳೆಯೇ ಎಂದು ಕೇಳಿದರು. ಅಜ್ಜಿ, “ಕೂಡಿ ಬರಲ್ಲಪ್ಪ” ಎಂದರು. ಬಂದವರು ಸರಿ ಎಂದು ತಲೆಯಾಡಿಸಿ, ಕಾಫಿ ಕುಡಿದು ಎದ್ದು ಹೋದರು.

“ಯಾಕಜ್ಜಿ ಕೂಡಿ ಬರಲ್ಲ?” ಎಂದು ನಾನು ಕೇಳಿದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಯಾಕೆ ಅಂತ ಕೇಳ್ಬಾರ್ದವ್ವ. ಕೇಳಿದ್ರೆ ಹೇಳ್ಬೇಕಾಗುತ್ತೆ. ಹೇಳಿದ್ರೆ ಆ ಹುಡುಗಿ ಮನೆ ಬಾಗ್ಲಿಗೆ ಇನ್ಯಾರೂ ಬರಲ್ಲ. ಕೂಡಿ ಬರಲ್ಲ ಅಂದ್ರೆ ಮುಗೀತು. ಅದಕ್ಕೇ ಅಲ್ವಾ ಆ ಮಾತು ಇರಾದು?”

ಹೊರಡುವಾಗ ಇನ್ನೊಂದು ವಿಷಯ ಹೇಳಿದರು. ಗಂಡ ತೀರಿಹೋದ ಅಥವಾ ಬಿಟ್ಟ ಹೆಣ್ಣಿಗೆ ಎರಡನೇ ಸಲ ಮಾಡುವ ಮದುವೆಗೆ ನಮ್ಮಲ್ಲಿ ಕೂಡಿಕೆ ಎನ್ನುತ್ತಾರೆ. “ಕೂಡಿಕೆ ಆಗೋಳಿಗೆ ಎಲ್ಡು ಬೆಡಗು ನೋಡ್ಬೇಕು ಕಣವ್ವ. ಅಪ್ಪನ ಮನೇದೊಂದು, ಮದ್ಲು ಕೊಟ್ಟಿದ್ ಮನೇದೊಂದು. ಆ ಮನೆ ಬೆಡಗಿನೋರೆಲ್ಲ ಅವಳಿಗೆ ಭಾವ ಮೈದುನ ಆಗ್ತಾರೆ. ಅಲ್ಲಿ ಮತ್ತೆ ಕೊಡಂಗಿಲ್ಲ.”

ವಾಪಸು ಬರುವ ಬಸ್ಸಿನಲ್ಲೇ ಮೆಥಡ್ಡಿಗೆ ಹೆಸರು ಸಿಕ್ಕಿತು. ಮೆಥಡ್ ಎಂದರೆ ಆಬ್ಜೆಕ್ಟಿಗೆ ನಾವು ಕೇಳಬಹುದಾದ ಪ್ರಶ್ನೆ. ನನ್ನ ಪ್ರಶ್ನೆಯ ಹೆಸರು ‘ಕೂಡಿಬರುತ್ತಾ’. ಉತ್ತರ ಹೌದು ಅಥವಾ ಇಲ್ಲ, ಮೂರನೆಯದಿಲ್ಲ. ಕೂಡಿಕೆಯ ಹೆಣ್ಣುಮಕ್ಕಳಿಗೆ ‘ಹಿಂದಿನ ಗಂಡನ ಮನೆ ಬೆಡಗು’ ಎಂದು ಇನ್ನೊಂದು ಕಾಲಂ ಇಟ್ಟು, ಅದನ್ನು ಪ್ರೈವೇಟ್ ಮಾಡಿದೆ. ಲೆಕ್ಕಕ್ಕೆ ಬೇಕು, ಕಣ್ಣಿಗೆ ಬೀಳಬಾರದು. ಮೇಷ್ಟ್ರ ಸಂಚಿ ಪಾಠ ಇಷ್ಟು ಚೆನ್ನಾಗಿ ಕೆಲಸಕ್ಕೆ ಬಂತಲ್ಲ ಎಂದು ಖುಷಿಯಾಗಿತ್ತು.

ಫಾರಂಗಳು ತಾಲ್ಲೂಕುಗಳಿಂದ ತುಂಬಿ ಬಂದವು. ಅರ್ಧಂಬರ್ಧ ಇದ್ದವನ್ನು ಹಿಡಿದು ಊರೂರಿಗೆ ನಾನೇ ಹೋದೆ. ಹಾಗೆ ಹೋದದ್ದು ಹಿರಿಯೂರಿನ ಆಚೆ ಜವನಗೊಂಡನಹಳ್ಳಿಗೆ. ಅಲ್ಲಿ ಒಬ್ಬ ಅಕ್ಕ, ಮೂವತ್ತರ ಆಸುಪಾಸು, ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದರು.

“ಬರ್ರಿ, ಕುಂತ್ಕಳ್ರಿ” ಎಂದು ಚಾಪೆ ಹಾಕಿ, ಬೇಯಿಸಿದ ಶೇಂಗಾ ತಂದಿಟ್ಟರು. ನಾನು ಫಾರಂ ತೋರಿಸಿದೆ.

“ಮದುವೆ ಆಗಿದೆಯೋ ಇಲ್ಲವೋ ಅನ್ನೋ ಕಾಲಂ ಖಾಲಿ ಬಿಟ್ಟಿದ್ದೀರಲ್ಲಕ್ಕ?”

ಅವರು ತಾಯಿಯ ಕಡೆ ತಿರುಗಿ, “ಅವ್ವಾ, ಮೇಕೆಗೆ ನೀರಿಟ್ಟು ಬಾ” ಎಂದರು. ತಾಯಿ ಹೊರಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದರು.

“ಆಗಿತ್ತು. ಹೊಸದುರ್ಗದ ಕಡೆ. ಹದಿನಾರು ದಿನ ಇದ್ದೆ. ಏನಾಯ್ತು ಅಂತ ಕೇಳ್ಬ್ಯಾಡ. ಆಮೇಲೆ ನಮ್ಮ ಸೋದರಮಾವ ನನ್ನೂ ಅವ್ವನ್ನೂ ಈ ಊರಿಗೆ ಕರ್ಕಂಡು ಬಂದ. ಇಲ್ಲಿ ಯಾರಿಗೂ ಗೊತ್ತಿಲ್ಲ.”

ಬರೆಯಲೋ ಬೇಡವೋ ಎಂದು ನಾನು ಪೆನ್ನು ಹಿಡಿದು ಕೂತೆ. ಅವರೇ ಮುಂದುವರಿಸಿದರು.

“ಮುಚ್ಚಿಟ್ಟು ಮದುವೆ ಆಗೋಳಲ್ಲ ತಂಗಿ ನಾನು. ನೋಡಾಕೆ ಬಂದೋರ್ನ ಕುಂಡ್ರಿಸಿ ನಾನೇ ಹೇಳ್ತೀನಿ. ಬ್ಯಾಡ ಅಂದ್ರೆ ಎದ್ದು ಹೋಗ್ಲಿ. ಆದ್ರೆ ಅದು ನನ್ನ ಬಾಯಿಂದಾನೇ ಹೋಗ್ಬೇಕು, ಊರ ಬಾಯಿಂದ ಹೋಗ್ಬಾರ್ದು. ನಿಂಗ್ಯಾಕೆ ಹೇಳ್ತಿದೀನಿ ಅಂದ್ರೆ, ಅವರು ಬೇವಿನ ಬೆಡಗಿನೋರು. ಮತ್ತೆ ಅಲ್ಲಿಗೇ ಸಂಬಂಧ ಬಿದ್ರೆ ತಪ್ಪಾಗುತ್ತೆ.”

ನಾನು ಸಂಚಿಯ ಕಥೆ ಹೇಳಿದೆ. ಯಾರೂ ಕೈ ಹಾಕುವ ಹಾಗಿಲ್ಲ, ಕೇಳಿದರೆ ಕೂಡಿ ಬರುತ್ತೆ, ಬರಲ್ಲ ಎಂದಷ್ಟೇ ಹೇಳುತ್ತದೆ, ಉಳಿದದ್ದು ಒಳಗೇ ಇರುತ್ತದೆ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನಿನ್ನ ನಂಬಿ ಹೇಳಿದೀನಿ ತಂಗಿ” ಎಂದರು.

‘ಹಿಂದಿನ ಗಂಡನ ಮನೆ ಬೆಡಗು: ಬೇವು’ ಎಂದು ನಾನು ಬರೆದುಕೊಳ್ಳುವುದನ್ನು ಅವರು ನೋಡುತ್ತಾ ಕೂತಿದ್ದರು. ಬಸ್ಸಿಗೆ ಹೊರಟಾಗ ಉಳಿದ ಶೇಂಗಾವನ್ನು ಕಾಗದದಲ್ಲಿ ಕಟ್ಟಿ ನನ್ನ ಚೀಲಕ್ಕೆ ಹಾಕಿದರು.

ಸೆಂಟರಿಗೆ ಬಂದು ಮೇಷ್ಟ್ರಿಗೆ ಈ ಕಾಲಮ್ಮಿನ ವಿಷಯ ಬಿಡಿಸಿ ಹೇಳಿದೆ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಹೀಗೆ ನಂಬಿ ಹೇಳಿದ ಹೆಣ್ಣುಮಕ್ಕಳು ಕೆಲವರಿದ್ದಾರೆ, ಇದು ಮಾತ್ರ ಯಾವ ಪುಟದಲ್ಲೂ ಬರಬಾರದು ಸರ್ ಎಂದೆ. ಅವರು ಜೇಬಿನಿಂದ ಸಂಚಿ ತೆಗೆದು ಮೇಜಿನ ಮೇಲಿಟ್ಟು ನಕ್ಕರು.

“ನಾನು ಕಲ್ಸಿದ್ ಪಾಠ ನಾನೇ ಮರೀತೀನೇನಮ್ಮ?”

ಆ ಹೊತ್ತಿಗೆ ನನಗೇ ಒಂದು ಪೆಟ್ಟು ಬಿದ್ದಿತ್ತು. ಪರೀಕ್ಷೆ ಮಾಡುವಾಗ ಒಂದು ಕಂಪ್ಯೂಟರಿನಲ್ಲಿ ಹುಡುಕಿದ ಹೆಸರು ಪಕ್ಕದ ಕಂಪ್ಯೂಟರಿನ ಪುಟದಲ್ಲಿ ಕಾಣಿಸಿಕೊಂಡಿತು. ಎರಡು ದಿನ ಹುಡುಕಿದ ಮೇಲೆ ಗೊತ್ತಾಯಿತು: ವೆಬ್ ಸರ್ವರಿನಲ್ಲಿ ಪ್ರಶ್ನೆ ಕೇಳುವವರು ಎಷ್ಟೇ ಜನರಿದ್ದರೂ ಉತ್ತರ ಕೊಡುವ ಆಬ್ಜೆಕ್ಟು ಒಂದೇ. ನಾನು ಹುಡುಕಿದವರ ಹೆಸರನ್ನು ಆ ಆಬ್ಜೆಕ್ಟಿನ ಮೈಯಲ್ಲೇ ಇಟ್ಟಿದ್ದೆ, ಒಬ್ಬರದು ಇನ್ನೊಬ್ಬರಿಗೆ ಹೋಗುತ್ತಿತ್ತು. ಅದನ್ನು ಮೆಥಡ್ಡಿನ ಒಳಗೆ ಸರಿಸಿ, ಸೆಂಟರಿನ ಮೂರೂ ಕಂಪ್ಯೂಟರುಗಳಲ್ಲಿ ಒಟ್ಟಿಗೆ ಹುಡುಕಿ ಹುಡುಕಿ ನೋಡಿ, ಒಂದು ವಾರದ ನಂತರವೇ ಸೈಟನ್ನು ಜನರ ಬಳಕೆಗೆ ಬಿಟ್ಟೆ. ಇಷ್ಟೆಲ್ಲ ಹೆದರಿದವಳಿಗೆ ಹೆದರಬೇಕಾದದ್ದು ಯಾರಿಗೆ ಎಂಬುದೊಂದು ಹೊಳೆಯಲಿಲ್ಲ.

ಸೈಟು ಶುರುವಾಗಿ ತಿಂಗಳಾಗಿತ್ತು. ಒಂದು ದಿನ ಜವನಗೊಂಡನಹಳ್ಳಿಯ ಅಕ್ಕ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರು. ಭರಮಸಾಗರದಲ್ಲಿ ಕಿರಾಣಿ ಅಂಗಡಿ ಇಟ್ಟವರೊಬ್ಬರು, ಹೆಂಡತಿ ತೀರಿಕೊಂಡವರು, ನಮ್ಮ ಸೈಟಿನಲ್ಲಿ ಹುಡುಕಿ ಕೂಡಿ ಬರುತ್ತೆ ಎಂದು ಬಂದ ಮೇಲೆ ಇವರ ಮನೆಗೆ ಹೇಳಿ ಕಳಿಸಿದ್ದರು.

“ಬರೋ ಸೋಮವಾರಕ್ಕೆ ಮುಂದ್ಲ ಸೋಮವಾರ ಬರ್ತಾರಂತೆ ತಂಗಿ. ಅವತ್ತೇ ಕುಂಡ್ರಿಸಿ ಹೇಳಿಬಿಡ್ತೀನಿ. ಎಂಗೆ ಶುರು ಮಾಡ್ಬೇಕು ಅಂತ ಈಗ್ಲಿಂದಾನೇ ಮಾತು ಜೋಡ್ಸ್ಕಂತಿದೀನಿ” ಎಂದು ನಕ್ಕರು. ಅವರು ನಕ್ಕದ್ದು ನಾನು ಕೇಳಿದ್ದು ಅದೊಂದೇ ಸಲ.

ಅಷ್ಟರಲ್ಲಿ ಹೊಸದುರ್ಗದಲ್ಲಿ ನನ್ನ ಅಕ್ಕನಿಗೆ ಹೆರಿಗೆಯಾಯಿತು. ಹತ್ತು ದಿನ ರಜೆ ಹಾಕಿ ಬಾಣಂತನಕ್ಕೆ ಹೋದೆ. ಎಂಟನೆಯ ದಿನ, ಶನಿವಾರ ಬೆಳಿಗ್ಗೆ, ಭಾವ ತಮ್ಮನಿಗೆ ಹೆಣ್ಣು ನೋಡಬೇಕೆಂದು ನನ್ನನ್ನು ಸೈಬರ್ ಸೆಂಟರಿಗೆ ಕರೆದುಕೊಂಡು ಹೋದರು. ನಾದಿನಿ ಮಾಡಿದ ಸೈಟು ಎಂದು ಅಲ್ಲಿದ್ದವರಿಗೆಲ್ಲ ಹೇಳಿದರು. ನಾನೂ ಜಂಬದಿಂದಲೇ ಕೂತು ಭಾವನ ತಮ್ಮನ ವಿವರ ಹಾಕಿದೆ. ಅವರದು ಬೇವಿನ ಬೆಡಗು.

ಪುಟ ನಿಧಾನಕ್ಕೆ ತೆರೆಯಿತು. ಮೊದಲ ಹೆಸರಿನ ಮುಂದೆ ಕೂಡಿ ಬರಲ್ಲ ಎಂದಿತ್ತು. ಅದರ ಕೆಳಗೆ, ಅದೇ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ನಾನು ಬರೆಯದ ಒಂದು ಸಾಲು: ‘ಯಾಕೆ: ಒಂದೇ ಬೆಡಗು’. ಇದೆಲ್ಲಿಂದ ಬಂತು ಎಂದುಕೊಳ್ಳುತ್ತಲೇ ಪುಟವನ್ನು ಕೆಳಗೆ ಸರಿಸಿದೆ. ಜವನಗೊಂಡನಹಳ್ಳಿಯ ಅಕ್ಕನ ಹೆಸರು, ಊರು, ವಯಸ್ಸು. ಕೂಡಿ ಬರಲ್ಲ. ಯಾಕೆ: ಹಿಂದಿನ ಗಂಡನ ಮನೆ ಬೆಡಗು ಬೇವು.

ಭಾವ ಬಗ್ಗಿ ಗಟ್ಟಿಯಾಗಿ ಓದಿದರು. “ಓಹೋ, ಈಕೆಗೆ ಮದ್ಲು ಮದುವೆ ಆಗಿತ್ತಾ? ಬೇವಿನೋರ ಮನೇಗೆ ಅಂದ್ರೆ ನಮ್ಮೋರೇ ಯಾರೋ ಇರ್ಬೇಕು. ಬೇಷ್ ಕಣಮ್ಮ, ಏನೂ ಮುಚ್ಚುಮರೆ ಇಲ್ದಂಗೆ ಮಾಡಿದೀಯ ನೋಡು!”

ಮಾನಿಟರಿನ ಬಟನ್ ಒತ್ತಿ ಆರಿಸಿದೆ. ಮನೆಯಲ್ಲಿದ್ದ ಬಾಣಂತಿ ಅಕ್ಕನಿಗೆ ಹೇಳಲೂ ಇಲ್ಲ, ಉಟ್ಟ ಸೀರೆಯಲ್ಲೇ ಹೊಳಲ್ಕೆರೆ ಮೇಲಿನ ದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಸರ್ವರಿನ ಪಾಸ್‌ವರ್ಡ್ ಇರುವುದು ಇಬ್ಬರ ಹತ್ತಿರ, ಅದರಲ್ಲಿ ಒಬ್ಬಳು ನಾನು. ಆದರೂ ಮನಸ್ಸು ಬೇರೆ ಯಾರನ್ನಾದರೂ ಹುಡುಕುತ್ತಿತ್ತು.

ಮೇಷ್ಟ್ರು ಒಬ್ಬರೇ ಇದ್ದರು, ಎಲೆಗೆ ಸುಣ್ಣ ಸವರುತ್ತಿದ್ದರು.

“‘ಯಾಕೆ’ ಅಂತ ಮೆಥಡ್ ಬರೆದದ್ದು ಯಾರು ಸರ್?”

“ಕುಂತ್ಕಳಮ್ಮ, ಬಿಸ್ಲಾಗೆ ಬಂದಿದೀಯ.”

“ಯಾರು ಸರ್?”

“ಅಧ್ಯಕ್ಷರು ಕೇಳಿದ್ರು ಕಣಮ್ಮ. ಬರೀ ಬರಲ್ಲ, ಬರಲ್ಲ ಅಂದ್ರೆ ಜನ ನಂಬಲ್ವಂತೆ. ಮಿಷನ್ನು ಸುಳ್ ಹೇಳುತ್ತೆ ಅಂತಾರಂತೆ. ಕಾರಣ ತೋರ್ಸ್ರಿ, ಇಲ್ಲಾಂದ್ರೆ ಬೇರೆಯೋರ ಹತ್ರ ಮಾಡಿಸ್ಕಂತೀವಿ ಅಂದ್ರು. ನೀನಿರ್ಲಿಲ್ಲ. ಒಂದ್ ಸಣ್ಣ ಮೆಥಡ್ಡು, ಹತ್ ನಿಮಿಷದ ಕೆಲ್ಸ.”

“ಆ ಕಾಲಂ ಪ್ರೈವೇಟ್ ಇತ್ತಲ್ಲ ಸರ್.”

“ಪಬ್ಲಿಕ್ ಮಾಡ್ದೆ.”

ದೀಪದ ಸ್ವಿಚ್ ಹಾಕಿದೆ ಎನ್ನುವಷ್ಟೇ ಹಗುರವಾಗಿ ಹೇಳಿದರು. ಮೇಜಿನ ಮೇಲೆ ಸಂಚಿ ಬಾಯಿ ತೆರೆದು ಬಿದ್ದಿತ್ತು. ನಾನು ಅದನ್ನು ತೋರಿಸಿದೆ.

“ಕೈ ಹಾಕಬಾರದು ಅಂತ ನೀವೇ ಕಲಿಸಿದ್ದು ಸರ್. ಮರೆಯಲ್ಲ ಅಂತಲೂ ಹೇಳಿದ್ರಿ.”

“ಅದು ಪಾಠ ಕಣಮ್ಮ. ಪಾಠವೇ ಬೇರೆ, ಗಿರಾಕಿನೇ ಬೇರೆ. ಸುಳ್ಳೇನು ತೋರ್ಸಿಲ್ವಲ್ಲ, ಇರಾದ್ನೇ ತೋರ್ಸೈತೆ.”

“ಮೇಲೆ ನನ್ನ ಹೆಸರಿದೆ.”

“ಇರ್ಲಿ ಬಿಡು. ನಿನ್ನ ಶ್ರಮ ಅದು, ನಾನ್ಯಾಕೆ ನನ್ ಹೆಸರು ಹಾಕ್ಕಳ್ಲಿ?”

ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟವರ ಹಾಗೆ ಹೇಳಿದರು. ಅದು ಕುತಂತ್ರವೋ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದರೋ ನನಗೆ ಇವತ್ತಿಗೂ ತಿಳಿಯದು. ಯಾವುದಾದರೂ ಒಂದೇ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರ ಹತ್ತಿರ ಹೋಗಿ ದೂರುವುದು? ಹೊರಗಿನವರು ಮಾಡಿದ್ದರೆ ಜಗಳವಾಡುತ್ತಿದ್ದೆ, ಶಾಪ ಹಾಕುತ್ತಿದ್ದೆ. ಇವರು ನನಗೆ ಅಕ್ಷರ ತಿದ್ದಿಸಿದವರಂತೆ ಈ ವಿದ್ಯೆ ಕೊಟ್ಟವರು. ಅದೇ ವಿದ್ಯೆಯಿಂದ, ನಾನು ಬೀಗ ಹಾಕಿದ ಜಾಗದಲ್ಲೇ ಬೀಗ ತೆಗೆದಿದ್ದರು. ಕಣ್ಣಲ್ಲಿ ನೀರು ಬಂತು. ಅವರು ಅದನ್ನು ನೋಡಿ, “ಊಟ ಮಾಡ್ಕಂಡ್ ಬರ್ತೀನಿ, ಮುಖ ತೊಳ್ಕ” ಎಂದು ಮೆಟ್ಟಿಲು ಇಳಿದರು.

ನಾನು ಕಂಪ್ಯೂಟರಿನ ಮುಂದೆ ಕೂತೆ. ಮೊದಲು ‘ಯಾಕೆ’ ಮೆಥಡ್ ಅಳಿಸಿದೆ. ಅಳಿಸಿದ ಕೂಡಲೇ ಗೊತ್ತಾಯಿತು, ಹತ್ತು ನಿಮಿಷದಲ್ಲಿ ಬರೆದವರು ಮತ್ತೆ ಹತ್ತು ನಿಮಿಷದಲ್ಲಿ ಬರೆಯುತ್ತಾರೆ. ಪ್ರೈವೇಟ್ ಎಂದು ನಾನು ಎಷ್ಟು ಸಲ ಬರೆದರೂ ಅದನ್ನು ತಿದ್ದಲು ಒಂದು ಪದ ಸಾಕು. ಒಳಗೆ ಇರುವವರೆಗೆ ಒಂದಲ್ಲ ಒಂದು ದಿನ ಹೊರಗೆ ಬರುತ್ತದೆ.

ಆಗ ಹೊಳಲ್ಕೆರೆಯ ಅಜ್ಜಿ ನೆನಪಾದರು. ಅವರ ಬಾಯಲ್ಲಿ ಕಾರಣವೇ ಬರುತ್ತಿರಲಿಲ್ಲ. ಲೆಕ್ಕಕ್ಕೆ ಬೇಕಾದದ್ದು ಯಾವ ಬೆಡಗು ಬೇಡ ಎಂಬುದು ಮಾತ್ರ, ಯಾಕೆ ಬೇಡ ಎಂಬುದು ಅಲ್ಲವೇ ಅಲ್ಲ. ಕೂತಲ್ಲೇ ವಿನ್ಯಾಸ ಬದಲಿಸಿದೆ. ಪ್ರತಿಯೊಬ್ಬರಿಗೂ ‘ಬೇಡದ ಬೆಡಗುಗಳು’ ಎಂದು ಒಂದು ಪಟ್ಟಿ. ಅದರಲ್ಲಿ ಅವರವರ ಅಪ್ಪನ ಬೆಡಗೂ ಬರುತ್ತದೆ. ಹಳೇ ಜಗಳಕ್ಕೆ ಯಾವುದೋ ಬೆಡಗಿನ ಜೊತೆ ಕೊಟ್ಟು ತರುವುದು ಬಿಟ್ಟ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಫಾರಂಗಳ ಹಿಂಬದಿಯಲ್ಲಿ ಅವರು ಅದನ್ನು ಬರೆದೂ ಇದ್ದರು, ಅವನ್ನೂ ಸೇರಿಸಿದೆ. ಕೂಡಿಕೆಯ ಹೆಣ್ಣುಮಕ್ಕಳ ಎರಡನೇ ಬೆಡಗು ಆ ಗುಂಪಿನಲ್ಲಿ ಒಂದಾಗಿ ಬೆರೆತುಹೋಯಿತು. ಪಟ್ಟಿಯಲ್ಲಿದ್ದುದರ ಕಾರಣವನ್ನು ಯಾವ ಮೇಷ್ಟ್ರೂ ಹುಡುಕಿ ತೆಗೆಯಲಾರರು.

ಆಮೇಲೆ ‘ಹಿಂದಿನ ಗಂಡನ ಮನೆ ಬೆಡಗು’ ಎಂಬ ಕಾಲಮ್ಮನ್ನೇ ಡೇಟಾಬೇಸಿನಿಂದ ಕಿತ್ತುಹಾಕಿದೆ. ಬ್ಯಾಕಪ್ ಇದ್ದ ಸೀಡಿಯನ್ನು ಎರಡು ತುಂಡು ಮಾಡಿದೆ. ಆ ಹೆಣ್ಣುಮಕ್ಕಳ ಫಾರಂಗಳನ್ನು ಬೀರುವಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡೆ. ನನ್ನದಲ್ಲದ ಕಚೇರಿಯಲ್ಲಿ ನನ್ನದಲ್ಲದ ದಾಖಲೆ ಅಳಿಸಿದ್ದು ಕಾನೂನಿನ ಪ್ರಕಾರ ತಪ್ಪೇ ಇರಬಹುದು. ಮೇಷ್ಟ್ರು ಊಟ ಮುಗಿಸಿ ಬರುವಷ್ಟರಲ್ಲಿ ಬೀಗದ ಕೈ ಮೇಜಿನ ಮೇಲಿಟ್ಟು ಇಳಿದು ಬಂದೆ. ಆಮೇಲೆ ಆ ಮೆಟ್ಟಿಲು ಹತ್ತಲಿಲ್ಲ. ಸಂಚಿ ಎಸೆದು ಪಾಠ ಮಾಡುವುದನ್ನು ಅವರು ಎಷ್ಟೋ ವರ್ಷ ಮುಂದುವರಿಸಿದರಂತೆ. ಕಲಿತ ಹುಡುಗರು ಹೇಳುತ್ತಾರೆ, ಅಂಥ ಪಾಠ ಇನ್ನೊಬ್ಬರು ಮಾಡಲಾರರಂತೆ.

ಮರುದಿನ ಭಾನುವಾರ. ಭರಮಸಾಗರದವರು ಬರುವುದು ಸೋಮವಾರ, ಇನ್ನೂ ಒಂದು ದಿನವಿದೆ ಎಂದು ಲೆಕ್ಕ ಹಾಕುತ್ತಾ ಮೊದಲ ಬಸ್ಸಿಗೆ ಜವನಗೊಂಡನಹಳ್ಳಿಗೆ ಹೋದೆ. ಅವರು ಮಿಷನ್ನಿನ ಮುಂದೆ ಕೂತು ಯಾರದೋ ರವಿಕೆಗೆ ತೋಳು ಜೋಡಿಸುತ್ತಿದ್ದರು.

“ಬರ್ರಿ, ಕುಂತ್ಕಳ್ರಿ” ಎಂದರು.

ಮೊದಲ ಸಲ ಹೇಳಿದ್ದೂ ಅದನ್ನೇ. ಆದರೆ ಆಮೇಲೆ ಅವರ ಬಾಯಲ್ಲಿ ನಾನು ತಂಗಿ ಆಗಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು. “ಭರಮಸಾಗರದೋರು ಶುಕ್ರವಾರಾನೇ ಹೇಳಿ ಕಳ್ಸಿದ್ರು. ಕೂಡಿ ಬರಲ್ಲ ಅಂದ್ರು, ಅಷ್ಟೇ. ಒಳ್ಳೆ ಜನ. ಯಾಕೆ ಅಂತ ಒಂದು ಮಾತು ಆಡ್ಲಿಲ್ಲ.” ದಾರ ಹಲ್ಲಿನಿಂದ ಕಡಿದರು. “ಹಿರಿಯೂರು ಸಂತೆಯಾಗೆ ಯಾರೋ ಅವ್ವನ್ನ ನಿಲ್ಲಿಸಿ ಕೇಳಿದ್ರಂತೆ. ಕಂಪ್ಯೂಟರ್‌ನಾಗೆ ಬಂದೈತಲ್ಲ, ಹೌದಾ ಅಂತ. ಅವ್ವ ಅವತ್ತಿಂದ ಹೊರಗೆ ಹೋಗಿಲ್ಲ.”

ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ನಾನು ಎಲ್ಲ ಹೇಳಿದೆ. ಮೇಷ್ಟ್ರು ಮಾಡಿದ್ದು, ನಾನು ಊರಲ್ಲಿ ಇಲ್ಲದ್ದು, ಬೀಗ ಹಾಕಿದ್ದು, ಅವರು ತೆಗೆದದ್ದು. ಈಗ ಆ ಕಾಲಮ್ಮೇ ಇಲ್ಲ ಎಂದೆ. ಬರೀ ಬೇಡದ ಬೆಡಗು ಎಂದಷ್ಟೇ ಇದೆ, ಅದರ ಹಿಂದೆ ಏನಿದೆ ಎಂದು ಯಾರಿಗೂ ಗೊತ್ತಾಗದು ಎಂದೆ. ಚೀಲದಿಂದ ಅವರ ಫಾರಂ ತೆಗೆದು ಮುಂದಿಟ್ಟೆ.

ಅವರು ಫಾರಂ ಕೈಗೆತ್ತಿಕೊಂಡು ನನ್ನ ಅಕ್ಷರವನ್ನು ತುಂಬಾ ಹೊತ್ತು ನೋಡಿದರು.

“ಬೇವಿನೋರು ಬ್ಯಾಡ. ಇಷ್ಟು ಬರ್ಕಂಡಿದ್ರೆ ಅವತ್ತೇ ಸಾಕಾಗಿತ್ತಲ್ಲ?”

“ಹೌದಕ್ಕ.”

“ನಾನು ನಿಮಗೆ ಹೇಳಿದ್ದು, ಕಾಗದಕ್ಕಲ್ಲ. ಗಂಡ ಅಂತ, ಮನೆ ಅಂತ, ಹಿಂದಿನದು ಅಂತ, ಅಷ್ಟುದ್ದ ಬರ್ಕಂಡ್ರಲ್ಲ.” ಫಾರಂ ಮಡಚಿ ನನ್ನ ಕೈಗೇ ಕೊಟ್ಟರು. ದನಿ ಏರಲಿಲ್ಲ. “ಯಾಕ್ ಬರ್ಕಂಡ್ರಿ?”

ನಾನು ಮಡಚಿದ ಫಾರಂ ಹಿಡಿದು ಕೂತೆ. ಅವರು ರವಿಕೆಯ ತೋಳನ್ನು ಮತ್ತೆ ಸೂಜಿಯ ಕೆಳಗಿಟ್ಟು ಮಿಷನ್ ತುಳಿಯತೊಡಗಿದರು.